ಪಾರಿಸ್ಸೆಗೆ ‘ಪಾಪ’ ಅನ್ನೋದು ನಿಲ್ಲಿಸಿ

ಇಟಲಿ ರಗ್ಬಿ ತಂಡದ ನಾಯಕನಾಗಿದ್ದ ಸೆರ್ಜಿಯೊ ಪಾರಿಸ್ಸೆ ಹೆಸರು ಎತ್ತಿದರೆ ಸಾಕು, ರಗ್ಬಿ ನೋಡುವವರು ಲೊಚಗುಟ್ಟುತ್ತಾರೆ. ಎಂಥ ಆಟಗಾರ, ಸದಾ ಸೋಲುವ ಇಟಲಿಗೆ ಆಡಿ ಹಾಳಾಗಿಹೋದ ಅಂತ. ನನಗೆ ಈ ಕನಿಕರ ಕಂಡರೆ ಆಗಲ್ಲ.

ಹುಟ್ಟಿದ್ದು 1983ರಲ್ಲಿ, ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ. ಅಪ್ಪ ಅಮ್ಮ ಇಟಲಿಯವರು, ಅಪ್ಪ ಲಾಕ್ವಿಲಾ ಕ್ಲಬ್‌ಗೆ ರಗ್ಬಿ ಆಡಿದವರು. ಹುಟ್ಟಿದ ದೇಶಕ್ಕೇ ಆಡಿದ್ದರೆ 2007ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿ ಇರ್ತಿದ್ದನೇನೋ. ಅವನು ಇಟಲಿಯ ಜೆರ್ಸಿ ತೊಟ್ಟ. 2002ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮೊದಲ ಟೆಸ್ಟ್ (ದೇಶ-ದೇಶಗಳ ನಡುವಿನ ಪಂದ್ಯ): ನ್ಯೂಜಿಲೆಂಡ್ ವಿರುದ್ಧ, ಅವರದೇ ನೆಲದಲ್ಲಿ. ಆಮೇಲೆ ಒಟ್ಟು 142 ಟೆಸ್ಟ್, ಐದು ವಿಶ್ವಕಪ್. ಸೋತ ಪಂದ್ಯಗಳೇ ನೂರು ದಾಟಿದವು.

ಆಡುತ್ತಿದ್ದದ್ದು ನಂಬರ್ 8. ಸ್ಕ್ರಮ್ ಅಂದರೆ ಎರಡೂ ತಂಡದ ಎಂಟೆಂಟು ಜನ ಹೆಗಲು ಕೊಟ್ಟು ತಳ್ಳಾಡುವ ಗುಂಪು; ಅದರ ಹಿಂತುದಿಯಲ್ಲಿ ನಿಂತು ಚೆಂಡನ್ನು ಕಾಲಲ್ಲೇ ಹಿಡಿದಿಟ್ಟು, ಎತ್ತಿಕೊಂಡು ಎದುರಾಳಿಗಳ ಮೇಲೆ ನುಗ್ಗುವ ಜಾಗ. ದೈತ್ಯರ ಕೆಲಸ. ಈ ಮನುಷ್ಯ ಆ ಮೈಕಟ್ಟು ಇಟ್ಟುಕೊಂಡೇ ಬೆನ್ನ ಹಿಂದಿನಿಂದ ಪಾಸ್ ಕೊಡ್ತಿದ್ದ, ಹಿಂದೆ ಆಡುವ ಚುರುಕು ಆಟಗಾರರಾದ ಬ್ಯಾಕ್‌ಗಳ ಹಾಗೆ ಕಿಕ್ ಮಾಡ್ತಿದ್ದ. ಸ್ಟಾಡ್ ಫ್ರಾನ್ಸೆ ಕ್ಲಬ್ ಜೊತೆ 2007 ಮತ್ತು 2015ರಲ್ಲಿ ಫ್ರಾನ್ಸಿನ ಚಾಂಪಿಯನ್ ಆದ. ಇದರಲ್ಲಿ ಹಾಳಾದದ್ದು ಯಾವುದು?

ಕನಿಕರ ಪಡುವವರಿಗೆ ನಾನು ತೋರಿಸೋದು 2017ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಲಂಡನ್ನಿನ ಟ್ವಿಕನಮ್‌ನಲ್ಲಿ ಆಡಿದ ಪಂದ್ಯ. ನಾಯಕ ಪಾರಿಸ್ಸೆ, ಕೋಚ್ ಕಾನರ್ ಓ'ಶೇ. ಆಗಿನ ನಿಯಮದ ಪ್ರಕಾರ, ಟ್ಯಾಕಲ್ ಆದಮೇಲೆ, ಅಂದರೆ ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದ ಮೇಲೆ, ಎರಡೂ ತಂಡದಿಂದ ಒಬ್ಬೊಬ್ಬರಾದರೂ ಕಾಲ ಮೇಲೆ ನಿಂತು ಚೆಂಡಿನ ಮೇಲೆ ಸೆಣಸಿದರೆ ಮಾತ್ರ ರಕ್. ರಕ್ ಇದ್ದರೆ ಮಾತ್ರ ಆಫ್‌ಸೈಡ್ ಗೆರೆ, ಅಂದರೆ ಎದುರಾಳಿ ದಾಟಿ ಬರಬಾರದ ಗೆರೆ. ಸರಿ, ಇಟಲಿಯವರು ಯಾರನ್ನೂ ಕಳಿಸಲೇ ಇಲ್ಲ! ಗೆರೆಯೇ ಇಲ್ಲ ಅಂದಮೇಲೆ ನೇರ ಇಂಗ್ಲೆಂಡ್ ಆಟಗಾರರ ನಡುವೆ ಹೋಗಿ ನಿಂತರು. ಇಂಗ್ಲೆಂಡಿನವರು ದಿಕ್ಕೆಟ್ಟು ರೆಫರಿ ಪೊಯಿಟ್ ಹತ್ತಿರ ಏನು ಮಾಡೋದು ಅಂತ ಕೇಳಿದರೆ, ನಾನು ರೆಫರಿ, ಕೋಚ್ ಅಲ್ಲ ಅಂದುಬಿಟ್ಟ. ಅರ್ಧ ಆಟಕ್ಕೆ ಇಟಲಿ 10-5 ಮುಂದೆ. ಕೊನೆಗೆ 36-15ಕ್ಕೆ ಸೋತರು, ಅದು ಬೇರೆ ಮಾತು. ಇಂಗ್ಲೆಂಡ್ ಕೋಚ್ ಎಡ್ಡಿ ಜೋನ್ಸ್ ಇದು ರಗ್ಬಿಯೇ ಅಲ್ಲ ಅಂತ ಕೂಗಾಡಿದ. ಅದೇ ವರ್ಷ ನಿಯಮ ಬದಲಾಯಿತು. ಬಡ ತಂಡ ನಿಯಮದೊಳಗೇ ದಾರಿ ಹುಡುಕಿದರೆ ದಾರಿಯನ್ನೇ ಮುಚ್ಚಿಬಿಡ್ತಾರೆ.

ಆಮೇಲೆ 2019, ಜಪಾನ್‌ನ ವಿಶ್ವಕಪ್. ನ್ಯೂಜಿಲೆಂಡ್ ವಿರುದ್ಧದ ಕೊನೆಯ ಗುಂಪು ಪಂದ್ಯ ಹಗಿಬಿಸ್ ಚಂಡಮಾರುತದಿಂದ ರದ್ದು. ಗೆಲ್ಲೋದು ಕನಸೇ, ಒಪ್ಪುತ್ತೇನೆ. ಆದರೂ ಲೆಕ್ಕದ ಪ್ರಕಾರ ಇಟಲಿಗೆ ಮುಂದಿನ ಸುತ್ತಿನ ಬಾಗಿಲು ಇನ್ನೂ ತೆರೆದಿತ್ತು. ಬಿರುಗಾಳಿ ಸುಳ್ಳಲ್ಲ, ಎಷ್ಟೋ ಜನ ಸತ್ತರು, ಆಡಿಸಬೇಕಿತ್ತು ಅಂತ ನಾನು ಹೇಳ್ತಿಲ್ಲ. ಇನ್ನೊಂದು ದಿನಕ್ಕೆ ಮುಂದೂಡುವ ವ್ಯವಸ್ಥೆಯನ್ನು ಮೊದಲೇ ಯಾಕೆ ಮಾಡಿರಲಿಲ್ಲ? ಅಂಕ ಬೇಕಾದದ್ದು ನ್ಯೂಜಿಲೆಂಡಿಗೆ ಆಗಿದ್ದರೆ ಪಂದ್ಯ ರದ್ದಾಗ್ತಿರಲಿಲ್ಲ ಅಂತ ಪಾರಿಸ್ಸೆ ನೇರವಾಗಿ ಹೇಳಿದ. ನನಗೂ ಹಾಗೇ ಅನಿಸುತ್ತೆ. ದಾಖಲೆಯಲ್ಲಿ ಅದು 0-0.

2020ರಲ್ಲಿ ರೋಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಬೀಳ್ಕೊಡುಗೆ ಅಂತ ಮಾತಾಗಿತ್ತು. ಕೊರೋನಾ ಬಂತು, ಅದೂ ಹೋಯಿತು. ಅದಕ್ಕೆ ಯಾರನ್ನೂ ದೂರೋ ಹಾಗಿಲ್ಲ.

ಎಲ್ಲರೂ ಮರೆಯೋ ಭಾಗ ಇನ್ನೊಂದಿದೆ. ಯೂರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ, 2013ರಲ್ಲಿ, ಇದೇ ಇಟಲಿ ಫ್ರಾನ್ಸನ್ನೂ ಐರ್ಲೆಂಡನ್ನೂ ಸೋಲಿಸಿತು. 2016ರಲ್ಲಿ ಫ್ಲಾರೆನ್ಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 20-18ಕ್ಕೆ ಕೆಡವಿತು. ಇನ್ನು ಪಾರಿಸ್ಸೆ, 39ನೇ ವಯಸ್ಸಲ್ಲಿ, 2023ರಲ್ಲಿ, ಫ್ರಾನ್ಸಿನ ಟೂಲಾನ್ ಕ್ಲಬ್ ಜೊತೆ ಯೂರೋಪಿನ ಕ್ಲಬ್‌ಗಳ ಚಾಲೆಂಜ್ ಕಪ್ ಗೆದ್ದೇ ಬೂಟು ಬಿಚ್ಚಿದ.