ಸಿಕಲ್ಸ್ ಸಾಹೇಬರ ಏಕೈಕ ಅಪರಾಧ

ಡೇನಿಯಲ್ ಸಿಕಲ್ಸ್ ನ್ಯೂಯಾರ್ಕಿನ ವಕೀಲರು, ಅಮೆರಿಕದ ಸಂಸತ್ ಸದಸ್ಯರು. ಪರಸ್ತ್ರೀಯರ ವಿಷಯದಲ್ಲಿ ಬಹಳ ಧಾರಾಳಿ. ಹಿಂದೆ ರಾಜ್ಯದ ಶಾಸಕರಾಗಿದ್ದಾಗ ವೇಶ್ಯೆಯೊಬ್ಬಳನ್ನು ಸದನಕ್ಕೇ ಕರೆತಂದು ಛೀಮಾರಿ ಹಾಕಿಸಿಕೊಂಡವರು. ಆದರೆ ಹೆಂಡತಿ ತೆರೇಸಾಗೂ ಒಬ್ಬ ಗೆಳೆಯನಿದ್ದಾನೆ ಎಂದು ಯಾರೋ ಹೆಸರಿಲ್ಲದ ಪತ್ರ ಬರೆದದ್ದೇ ತಡ, ಮಾನ ಮರ್ಯಾದೆ ಎಲ್ಲ ನೆನಪಾಯಿತು.

1859ರ ಫೆಬ್ರವರಿ 27, ಭಾನುವಾರ. ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ಎದುರೇ, ಹಾಡಹಗಲಲ್ಲಿ ಸಿಕಲ್ಸ್ ಪಿಸ್ತೂಲು ತೆಗೆದರು. ಆ ಗೆಳೆಯ ಫಿಲಿಪ್ ಬಾರ್ಟನ್ ಕೀ ಹತ್ತಿರ ಆಯುಧವಿರಲಿಲ್ಲ. ಜೇಬಿನಲ್ಲಿದ್ದ ನಾಟಕ ನೋಡುವ ದುರ್ಬೀನನ್ನೇ ಎಸೆದ. ಪಾಪ, ಸತ್ತ. ಅವನು ಆ ಊರಿನ ಸರ್ಕಾರಿ ವಕೀಲ. ಇಂಥ ಕೊಲೆ ಕೇಸು ನಡೆಸಬೇಕಾದವನೇ ಅವನು!

ಜೈಲಿಗೆ ನೋಡಲು ಬಂದ ದೊಡ್ಡವರು ಎಷ್ಟು ಜಾಸ್ತಿ ಅಂದರೆ, ಜೈಲರ್ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ಅಧ್ಯಕ್ಷ ಬುಕ್ಯಾನನ್ ಅವರಿಂದಲೂ ಒಂದು ಚೀಟಿ ಬಂತು. ಕೋರ್ಟಿನಲ್ಲಿ ಘಟಾನುಘಟಿ ವಕೀಲರ ದಂಡು. ಮುಂದೆ ಲಿಂಕನ್ ಸಂಪುಟ ಸೇರಿದ ಸ್ಟ್ಯಾಂಟನ್ ಅವರಲ್ಲೊಬ್ಬರು. ವಾದ ಏನು? ಗುಂಡು ಹಾರಿಸುವಷ್ಟು ಹೊತ್ತು ನಮ್ಮ ಕಕ್ಷಿದಾರರಿಗೆ ಹುಚ್ಚು ಹಿಡಿದಿತ್ತು, ಸ್ವಾಮಿ. ಜೇಬಿಗೆ ಪಿಸ್ತೂಲು ತುಂಬಿಕೊಳ್ಳುವಾಗ ಬುದ್ಧಿ ನೆಟ್ಟಗಿತ್ತಾ ಎಂದು ಕೇಳಬಾರದು. ಜ್ಯೂರಿಯವರು ಒಂದು ಗಂಟೆ ಚಿಲ್ಲರೆಯಲ್ಲಿ ನಿರ್ದೋಷಿ ಎಂದರು. ಅಮೆರಿಕದಲ್ಲಿ ತಾತ್ಕಾಲಿಕ ಹುಚ್ಚಿನ ವಾದ ಗೆದ್ದ ಮೊದಲ ದೊಡ್ಡ ಕೇಸು ಇದೇ ಎನ್ನುತ್ತಾರೆ. ಜನ ಜೈಕಾರ ಹಾಕಿದರು.

ಸಾಹೇಬರು ಎಡವಿದ್ದು ಆಮೇಲೆ. ಹೆಂಡತಿಯನ್ನು ಕ್ಷಮಿಸಿ ಮತ್ತೆ ಮನೆಗೆ ಸೇರಿಸಿಕೊಂಡುಬಿಟ್ಟರು! ಪತ್ರಿಕೆಗಳು ಕೆಂಡ ಕಾರಿದವು. ಸಂಸತ್ತಿನಲ್ಲಿ ಪಕ್ಕ ಕೂರುವವರಿಲ್ಲ. ಕೊಂದ ಕೈಯನ್ನು ಕುಲುಕಿದವರಿಗೆ ಕ್ಷಮಿಸಿದ ಕೈ ಮೈಲಿಗೆಯಾಯಿತು.

ಹೋದ ಮರ್ಯಾದೆ ಮರಳಲು ಇನ್ನಷ್ಟು ಜನ ಸಾಯಬೇಕಾಯಿತು. ಅಂತರ್ಯುದ್ಧ ಬಂತು, ಸಿಕಲ್ಸ್ ಜನರಲ್ ಆದರು. 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮೇಲಿನವರ ಅಪ್ಪಣೆ ಮೀರಿ ಪಡೆಯನ್ನು ಮುಂದಕ್ಕೆ ನುಗ್ಗಿಸಿದರು. ಪಡೆ ಚಿಂದಿಯಾಯಿತು, ಅವರ ಬಲಗಾಲೂ ಹೋಯಿತು. ಮೂಳೆಯನ್ನು ಪುಟ್ಟ ಶವಪೆಟ್ಟಿಗೆಯಂಥ ಡಬ್ಬದಲ್ಲಿಟ್ಟು, ವಿಸಿಟಿಂಗ್ ಕಾರ್ಡ್ ಸಮೇತ ಸೇನೆಯ ಮ್ಯೂಸಿಯಂಗೆ ಕಳಿಸಿದರು. ವರ್ಷಾವರ್ಷ ಹೋಗಿ ಕಾಲಿನ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದರಂತೆ. 1897ರಲ್ಲಿ ಆ ಯುದ್ಧಕ್ಕೇ ದೇಶದ ಅತ್ಯುನ್ನತ ಶೌರ್ಯ ಪದಕ ಸಿಕ್ಕಿತು.

ಮುಪ್ಪಿನಲ್ಲಿ ನ್ಯೂಯಾರ್ಕಿನ ಸ್ಮಾರಕ ಆಯೋಗದ ಅಧ್ಯಕ್ಷರೂ ಅವರೇ. ಸುಮಾರು 28 ಸಾವಿರ ಡಾಲರ್ ಲೆಕ್ಕಕ್ಕೆ ಸಿಗಲಿಲ್ಲ. 1912ರಲ್ಲಿ ಕುರ್ಚಿ ಹೋಯಿತು, ಅಷ್ಟೇ. ಇನ್ನು ಹೆಂಡತಿಯನ್ನು ಕ್ಷಮಿಸಿದ ಆ ಘೋರ ಅಪರಾಧ, ತೆರೇಸಾ 1867ರಲ್ಲೇ ತೀರಿಕೊಂಡಿದ್ದರಿಂದ, ಎಂದೋ ವಜಾ ಆಗಿತ್ತು.