ತಿದ್ದೋ ಬಟನ್ ಎಲ್ಲದ್ರಿ?

ನಮ್ಮ ಅಕ್ಕಲಕೋಟ ಕಡೀ ಒಂದು ಸಹಕಾರಿ ಸಕ್ಕರಿ ಕಾರ್ಖಾನಿ ಅದ (ಹೆಸರು ಬ್ಯಾಡ್ರಪಾ, ಹೇಳಿದ್ರ ಈ ಸಲ ನನ್ನ ಹೊಲಕ್ಕ ಕಬ್ಬು ಕಡ್ಯಾಕ ಟೋಳಿನೇ ಬರೂದಿಲ್ಲ). ಅಲ್ಲಿ ಈಗ ಸಾಫ್ಟ್‌ವೇರ್ ಆರಿಸಾಕ ಕಮಿಟಿ ಮಾಡ್ಯಾರ. ಬಾಯ್ಲರ್ ಪ್ರೆಷರ್, ಗಾಣದ ಸ್ಪೀಡು, ರಸದ ಬ್ರಿಕ್ಸು (ರಸದಾಗ ಸಕ್ಕರಿ-ಗಿಕ್ಕರಿ ಎಷ್ಟು ಕರಗೇದ ಅನ್ನೂ ಆಂಕಿ), ರಸ ಕುದಿಸೂ ಪ್ಯಾನಿನ ಟೆಂಪರೇಚರು ಎಲ್ಲಾ ಸೆಕೆಂಡಿಗೊಮ್ಮೆ ತಾನೇ ಬರದಿಟ್ಟು ಕೇಳಿದಾಗ ರಿಪೋರ್ಟ್ ಕೊಡೂ ಸಾಫ್ಟ್‌ವೇರು, ಪ್ರೊಸೆಸ್ ಹಿಸ್ಟೋರಿಯನ್ ಅಂತಾರ ಅದಕ್ಕ. ಕಮಿಟ್ಯಾಗ ಚೇರ್ಮನ್ ಸಾಹೇಬ್ರು, ಅವರ ಅಳಿಯ, ಇಬ್ರು ಸಂಚಾಲಕರು, ಖರೀದಿ ಸಾಹೇಬ್ರು. ಇನ್‌ಸ್ಟ್ರುಮೆಂಟ್ ಹುಡುಗನ್ನೂ ಕರದಿದ್ರು ಅನ್ರಿ, ಪ್ರೊಜೆಕ್ಟರ್ ಹಚ್ಚಾಕ.

ಸದ್ಯಕ್ಕ ಏನ್ ನಡದದ ಅಂದ್ರ, ಪಾಳಿ ಕೆಮಿಸ್ಟ್ ರಜಿಸ್ಟರದಾಗ ತಾಸಿಗೊಮ್ಮೆ ಬರೀತಾರ, ರಾತ್ರಿ ಪಾಳಿದು ಎಂಟೂ ತಾಸಿಂದು ಮುಂಜಾನೆ ಒಂದೇ ಸಲ ಒಂದೇ ಪೆನ್ನಿನಾಗ ಬರೀತಾರ, ಆಮ್ಯಾಲ ಅದು ಎಕ್ಸೆಲ್ಲಿಗೆ ಹೋಗ್ತದ. ಅಳಿಯನ ವಾದ ಏನಪಾ ಅಂದ್ರ ಎಕ್ಸೆಲ್ ಇದ್ದಮ್ಯಾಲ ಬ್ಯಾರೆ ಯಾಕ ಬೇಕು ಅಂತ. ಹುಡುಗ ಸಾವಕಾಶ ಹೇಳ್ದ, ಸಾಹೇಬ್ರ, ಎಕ್ಸೆಲ್‌ದಾಗ ಒಂದು ಶೀಟಿಗೆ 10,48,576 ಸಾಲು, ದಿನಕ್ಕ 86,400 ಸೆಕೆಂಡು, ಒಂದೇ ಒಂದು ಮೀಟರ್ ಹಾಕಿದ್ರೂ ಹನ್ನೆರಡು ದಿನಕ್ಕ ಶೀಟು ತುಂಬತದ, ನಮ್ಮ ಹಂಗಾಮ ನಾಕು ತಿಂಗಳದ್ದು. ಚೇರ್ಮನ್ ಸಾಹೇಬ್ರು ಮನಸ್ಸಿಗೆ ಹಚ್ಚಿಕೊಂಡು ವಿಚಾರ ಮಾಡಿ, ಹಂಗಾದ್ರ ಹನ್ನೆರಡು ದಿನಕ್ಕೊಮ್ಮೆ ಹೊಸಾ ಶೀಟು ತಗೋರಿ, ಅದಕ್ಕೇನ್ ರೊಕ್ಕ ಬೀಳತದೇನು ಅಂದ್ರು.

ಪುಣೆದಿಂದ ಇಂಥಾ ಸಾಫ್ಟ್‌ವೇರ್ ಮಾರೂ ಮಂದಿ ಬಂದ್ರು. ಒಬ್ಬಂವ ಪಿಐ ಸಿಸ್ಟಮ್ ತಂದಿದ್ದ, 1980ರಾಗ ಸುರು ಆದ ಓಎಸ್‌ಐಸಾಫ್ಟ್ ಕಂಪನಿದು, 2021ರಾಗ ಅವೇವಾದವ್ರು ಆ ಕಂಪನಿನೇ ಕೊಂಡ್ರು, ದೊಡ್ಡ ದೊಡ್ಡ ರಿಫೈನರ್‍ಯಾಗ ನಡೀತದ, ಗಟ್ಟಿ ಮಾಲು. ಇನ್ನೊಬ್ಬ ಹುಡುಗ ಟೈಮ್‌ಸ್ಕೇಲ್‌ಡಿಬಿ ಅಂದ, ಪೋಸ್ಟ್‌ಗ್ರೆಸ್ ಅನ್ನೂ ಪುಕ್ಕಟ ಡೇಟಾಬೇಸ್ ಮ್ಯಾಲ ಕೂಡೂದು, ಲೈಸೆನ್ಸಿಗೆ ದುಡ್ಡು ಕೊಡೂದೇ ಬ್ಯಾಡ ಅಂದ. ಅಲ್ಲಿಗೆ ಅವನ ಕತಿ ಮುಗೀತು! ಖರೀದಿ ಸಾಹೇಬ್ರು ಕೇಳಿದ್ರು: ಪುಕ್ಕಟ ಅಂದ್ರ ಮೂರು ಕೊಟೇಶನ್ ಹೆಂಗ ತರೂದು, ಸೊನ್ನಿಗಿಂತ ಕಡಿಮಿ ರೇಟು ಯಾರ್ ಕೊಡ್ತಾರ, ಮತ್ತ ಡಿಸ್ಕೌಂಟ್ ಯಾವುದರ ಮ್ಯಾಲ ಕೇಳೂದು. ಹುಡುಗನ ಹಂತ್ಯಾಕ ಉತ್ತರ ಇರಲಿಲ್ಲ, ಖರೇ ಹೇಳಬೇಕಂದ್ರ ಯಾರ ಹಂತ್ಯಾಕೂ ಇಲ್ಲ.

ರೊಕ್ಕ ಕೊಟ್ಟು ತಗೊಳೂ ಸಾಫ್ಟ್‌ವೇರ್ ಅಂದ್ರ ಭಾಳಷ್ಟಕ್ಕ ಟ್ಯಾಗ್ ಲೆಕ್ಕ ಬರ್ತದ, ಒಂದೊಂದು ಮೀಟರಿಂದ ಬರೂ ಒಂದೊಂದು ಆಂಕಿಗೆ ಒಂದು ಟ್ಯಾಗ್, ಎಷ್ಟು ಟ್ಯಾಗೋ ಅಷ್ಟು ದುಡ್ಡು. ಸರಿ, ಟ್ಯಾಗ್ ಕಡಿಮಿ ಮಾಡ್ರಿ ಅಂತ ಪಟ್ಟಿ ಹಿಡಕೊಂಡು ಕುಂತ್ರು. ಗಾಣಕ್ಕ ಬಿಡೂ ನೀರಿನ ಫ್ಲೋಮೀಟರು ಹೋತು, ಅದು ಹೆಂಗೂ ಕೆಟ್ಟು ಬಿದ್ದದ. ಬಗ್ಯಾಸದಾಗ (ರಸ ಹಿಂಡಿದ ಸಿಪ್ಪಿಯಾಗ) ಹೋಗೂ ಸಕ್ಕರಿ ಆಂಕಿ ಹೋತು, ಅದು ನೋಡಿದ್ರ ಮನಸ್ಸಿಗೆ ಬ್ಯಾಸರ ಆಗ್ತದ. ಉಳಿತಾಯ ಆದ ಟ್ಯಾಗಿನಾಗ ಗೆಸ್ಟ್‌ಹೌಸ್ ಎಸಿ ಟೆಂಪರೇಚರ್ ಸೇರಿಸಿದ್ರು.

ಎಲ್ಲಾಕ್ಕಿಂತ ಮಜಾ ಡೆಮೊ ದಿನ. ಈ ಸಾಫ್ಟ್‌ವೇರ್‌ದಾಗ ಕಂಪ್ರೆಶನ್ ಅಂತ ಇರ್ತದ, ಗೆರಿ ಭಾಳ ಅಲ್ಲಾಡಲಿಲ್ಲ ಅಂದ್ರ ನಡುವಿನ ಆಂಕಿ ಒಗದು ಎರಡೂ ತುದಿ ಅಷ್ಟೇ ಇಟ್ಕೋತದ, ಜಾಗಾ ಉಳೀತದ, ಅಳತ್ಯಾಗಿದ್ರ ಛಲೋನೇ. ಒಬ್ಬ ಶಾಣ್ಯಾ ಅದರ ಮಿತಿ ಎಷ್ಟು ಸಡಲ ಬಿಟ್ಟಿದ್ದ ಅಂದ್ರ ನಡುರಾತ್ರ್ಯಾಗ ಸ್ಟೀಮ್ ಬಿದ್ದು ಗಾಣ ನಿಂತಿದ್ದೂ ಕಾಣದಂಗಾಗಿ, ಸ್ಕ್ರೀನ್ ಮ್ಯಾಲ ಬಾಯ್ಲರ್ ಪ್ರೆಷರು ಸೋಲಾಪುರ ಹೈವೇ ಇದ್ದಂಗ ನೆಟ್ಟಗ. ಚೇರ್ಮನ್ ಸಾಹೇಬ್ರು ಖುಷಿ ಆಗಿ, ನೋಡ್ರಿ, ನಮ್ಮ ಹಳೇ ಸಿಸ್ಟಮ್‌ದಾಗೇ ತಪ್ಪಿತ್ತು, ಪ್ಲಾಂಟ್ ಎಷ್ಟು ಛಂದ ನಡದದ ಅಂದು ಚಪ್ಪಾಳಿ ತಟ್ಟಿದ್ರು, ನಡುರಾತ್ರಿ ಬಾಯ್ಲರ್ ಹಂತ್ಯಾಕ ಬೆವರು ಸುರಿಸಿದ ಫೈರ್‌ಮನ್ ಅಲ್ಲೇ ಬಾಗಲದಾಗ ಚಹಾದ ಟ್ರೇ ಹಿಡಕೊಂಡು ನಿಂತಿದ್ದ.

ಆಮ್ಯಾಲ ಸಂಚಾಲಕರೊಬ್ರು ಅಸಲಿ ಪ್ರಶ್ನೆ ಕೇಳಿದ್ರು ನೋಡ್ರಿ. ಅಲ್ಲೀ ತನಕ ಮೀಟಿಂಗ್ ಮರಾಠ್ಯಾಗ ನಡದಿತ್ತು, ಮಿನಿಟ್ಸ್ ಮರಾಠ್ಯಾಗ ಬರೀತಾರ, ಗುಟ್ಟಿನ ಮಾತು ಬಂದ್ರ ಕನ್ನಡಕ್ಕ ಇಳೀತಾರ. "ಅದೆಲ್ಲಾ ಖರೆ, ತಿದ್ದೋ ಬಟನ್ ಎಲ್ಲದ್ರಿ?" ಪುಣೆಯಂವಗ ತಿಳೀಲಿಲ್ಲ, ಇನ್‌ಸ್ಟ್ರುಮೆಂಟ್ ಹುಡುಗನೇ ತಿಳಿಸಿ ಹೇಳ್ದ. ಪುಣೆಯಂವ ತಿದ್ದಬಹುದ್ರಿ ಅಂದ, ಆದ್ರ ಆಡಿಟ್ ಟ್ರೇಲ್ ಅಂತ ಇರ್ತದ, ಹಳೇ ಆಂಕಿ, ತಿದ್ದಿದವರ ಹೆಸರು, ಟೈಮು ಎಲ್ಲಾ ಉಳೀತದ ಅಂದ. ಮಂದಿ ಮಾರಿ ಇಳೀತು.

ಯಾಕ ಇಳೀತು ಅಂದ್ರ ಲೆಕ್ಕ ಕೇಳ್ರಿ. ಕೇಂದ್ರದವ್ರು 2025-26ಕ್ಕ ಕಬ್ಬಿಗೆ ಇಟ್ಟ ಎಫ್‌ಆರ್‌ಪಿ (ಕಾರ್ಖಾನಿ ರೈತಗ ಕೊಡಲೇಬೇಕಾದ ಕನಿಷ್ಠ ರೇಟು) ಕ್ವಿಂಟಲಿಗೆ 355 ರೂಪಾಯಿ, ಅದು ಉತಾರ, ಅಂದ್ರ ನೂರು ಕಿಲೋ ಕಬ್ಬಿನಾಗ ಬಂದ ಸಕ್ಕರಿ, 10.25 ಕಿಲೋ ಇದ್ರ. ಅದಕ್ಕಿಂತ ಮ್ಯಾಲ ಹೋದ್ರ ಪ್ರತಿ 0.1ಕ್ಕ 3.46 ರೂಪಾಯಿ ಜಾಸ್ತಿ. ಐವತ್ತು ಟನ್ ಹಾಕಿದ ರೈತಗ ಬಿಂದು ಆದಮ್ಯಾಲಿನ ಒಂದು ಆಂಕಿ ಅಂದ್ರ 1,730 ರೂಪಾಯಿ. ಸಕ್ಕರಿ ಎಲ್ಲಿ ಸೋರ್ತು, ಬಗ್ಯಾಸದಾಗೋ ಮೊಲಾಸಿಸ್‌ದಾಗೋ (ಕಾಕಂಬ್ಯಾಗೋ), ಯಾವ ಪಾಳ್ಯಾಗ, ಎಷ್ಟೊತ್ತಿಗೆ ಅಂತ ತಿದ್ದಲಾರದಂಗ ಬರದಿಡೂ ಯಂತ್ರಕ್ಕ ನಾವೇ ರೊಕ್ಕ ಕೊಟ್ಟು ತರಬೇಕೇನು ಅಂತ ಅವರ ಚಿಂತಿ!

2014ರಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸಕ್ಕರಿ, ಡಿಸ್ಟಿಲರಿ ಸೇರಿ 17 ನಮೂನಿ ಕಾರ್ಖಾನಿಗೆ ಹೊಗಿ-ನೀರಿನ ಆಂಕಿ ಆನ್‌ಲೈನ್ ಕಳಸ್ರಿ ಅಂದಾಗನೂ ಹಿಂಗೇ ಹೊಟ್ಟಿ ಉರದಿತ್ತು ಇವರಿಗೆ, ಅದು ಬ್ಯಾರೆ ಪುರಾಣ.

ಕೊನಿಗೆ ತುಟ್ಟಿದ್ದೇ ಆರಿಸಿದ್ರು, ಪುಣೆಯವ್ರು ಬಂದು ಉದ್ಘಾಟನಾ ಮಾಡಿ ಕಾಯಿ ಒಡದು ಹೋದ್ರು. ಮೀಟರಿನ ಆಂಕಿ ತಗೊಂಡು ಯಂತ್ರ ನಡಸೂ ಕಂಪ್ಯೂಟರ್ ಇರ್ತದಲ್ಲ, ಪಿಎಲ್‌ಸಿ, ಅದರ ಜೋಡೀಗೆ ಕನೆಕ್ಷನ್ ಮಾತ್ರ ಕೊಡಲಿಲ್ಲ, ಸೆಕ್ಯುರಿಟಿ ಕಾರಣಕ್ಕಂತ. ದಿನಾ ಸಂಜೀಕ ಒಬ್ಬ ಆಪರೇಟರ್ ಕುಂತು ಕೆಮಿಸ್ಟ್ ರಜಿಸ್ಟರ್ ನೋಡ್ಕೊಂತ ಒಂದೊಂದೇ ಆಂಕಿ ಕೈಲೆ ಹೊಡೀತಾನ, ಆಡಿಟ್ ಟ್ರೇಲ್‌ದಾಗ ಏನೂ ತಿದ್ದಿದ್ದೇ ಇಲ್ಲ, ಎಲ್ಲಾ ಸ್ವಚ್ಛ. ಸರ್ವಸಾಧಾರಣ ಸಭಾದಾಗ ಒಬ್ಬ ಮುದುಕ ಎದ್ದು ನಿಂತು, ಸಾಹೇಬ್ರ, ನನ್ನ ಕಬ್ಬು ಬಂದ ರಾತ್ರಿ ಏನಾಗಿತ್ತು ಅದರಾಗ ತೋರಸ್ರಿ ಅಂದ. ವೇದಿಕಿ ಮ್ಯಾಲಿಂದ ಉತ್ತರ ಬಂತು: ಕಾಕಾ, ಈಗ ಕೊಂಡದ್ದು ಇಟ್ಕೊಳೂ ಸಾಫ್ಟ್‌ವೇರು, ತೋರಸೂದಕ್ಕ ಬ್ಯಾರೆ ಟೆಂಡರ್ ಅದ.