ಜುಲೈನ ಲಿವರ್‌ಪೂಲ್, ಏಪ್ರಿಲ್‌ನ ನಾಪೋಕ್ಲು

ಕೊಡಗಿನಲ್ಲಿ ಮನೆತನ ಮನೆತನಗಳ ನಡುವೆ ನಡೆಯುವ ಹಾಕಿಗೆ ನಿಮ್ಮ ಮನೆತನದ ತಂಡವನ್ನು ಯಾರು ಆರಿಸುತ್ತಾರೆ ಎಂದು ಇಲ್ಲಿ ಲಿವರ್‌ಪೂಲ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಕೇಳಿದರು. ಬಲ್ಯಪ್ಪ, ಅಂದರೆ ದೊಡ್ಡಪ್ಪ, ಎಂದೆ. ಅವರು ಸರಿಯಾಗಿ ಆರಿಸದಿದ್ದರೆ ಹೋಗಿ ಹೇಳುವವರು ಯಾರು ಎಂದರು. ಯಾರೂ ಹೇಳುವುದಿಲ್ಲ ಎಂದೆ. ಅವರು ನಗಲಿಲ್ಲ. "ಹಾಗಾದರೆ ನಿಮ್ಮ ತಂಡ ಸುಧಾರಿಸುವುದು ಹೇಗೆ?" ಎಂದು ಕೇಳಿದರು, ಅಷ್ಟೇ. ಆ ಮಾತು ಚುಚ್ಚಿತು. ಇವತ್ತಿಗೂ ಚುಚ್ಚುತ್ತಿದೆ.

ಈ ಊರಿನಲ್ಲಿ ಜುಲೈ ತಿಂಗಳಿಡೀ ಒಂದೂ ಲೀಗ್ ಪಂದ್ಯ ಇರುವುದಿಲ್ಲ. ಆದರೂ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ನಮ್ಮ ಕ್ಯಾಂಟೀನಿನಲ್ಲಿ ಫುಟ್‌ಬಾಲ್ ಮಾತೇ ಮಾತು. ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಅಭ್ಯಾಸ ಪಂದ್ಯದಲ್ಲಿ ಯಾರ ಕಾಲು ಭಾರವಾಗಿತ್ತು, ಎಲ್ಲವೂ ಚರ್ಚೆಗೆ ಬರುತ್ತದೆ. ಆ ಹೊತ್ತಿಗೆ ಕೊಡಗಿನಲ್ಲಿ ಕಕ್ಕಡ, ಜಡಿಮಳೆಯ ತಿಂಗಳು. ಮೈದಾನದ ತುಂಬ ನೀರು. ಕೆಸರುಗದ್ದೆಯಲ್ಲಿ ಓಡಿ, ಒಂದಿಷ್ಟು ಹೊತ್ತು ಚೆಂಡು ಒದ್ದರೆ ಅದೇ ನಮ್ಮ ಪ್ರೀಸೀಸನ್, ಅಂದರೆ ಟೂರ್ನಿಗೆ ಮುಂಚಿನ ತಯಾರಿ.

2024ರ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಎಂಟೂವರೆ ವರ್ಷ ಲಿವರ್‌ಪೂಲ್ ತಂಡ ನಡೆಸಿದ ಮ್ಯಾನೇಜರ್ ಯೂರ್ಗನ್ ಕ್ಲಾಪ್ ಹೊರಟುಹೋಗಿದ್ದರು. ಊರಿಗೆ ಊರೇ ಅವರನ್ನು ಪ್ರೀತಿಸುತ್ತಿತ್ತು. ಅವರ ಜಾಗಕ್ಕೆ ರೋಟರ್‌ಡ್ಯಾಮಿನ ಫೆಯೆನೂರ್ಡ್ ಕ್ಲಬ್ಬಿನಿಂದ ಆರ್ನೆ ಸ್ಲಾಟ್ ಬಂದರು. ಹೊಸ ಮ್ಯಾನೇಜರ್ ಬಂದರೆ ಹೊಸ ಆಟಗಾರರೂ ಬರಬೇಕು ಅಲ್ವಾ? ಬರಲಿಲ್ಲ. ಮಿಡ್‌ಫೀಲ್ಡಿಗೆ ಬೇಕೆಂದು ಕೇಳಿದ ಮಾರ್ಟಿನ್ ಸುಬಿಮೆಂಡಿ, ಸ್ಪೇನಿನ ನನ್ನ ಕ್ಲಬ್ ಬಿಟ್ಟು ಬರುವುದಿಲ್ಲ ಎಂದುಬಿಟ್ಟ. ಆಗಸ್ಟ್ ಕೊನೆಗೆ ಯುವೆಂಟಸ್‌ನಿಂದ ಕಿಯೇಸಾ ಒಬ್ಬ ಬಂದ. ಒಬ್ಬ ಗೋಲ್‌ಕೀಪರನ್ನು ಮುಂದಿನ ವರ್ಷಕ್ಕೆಂದು ಗೊತ್ತು ಮಾಡಿದರು. ಅಷ್ಟೇ.

ಅಮೆರಿಕ ಪ್ರವಾಸದಲ್ಲಿ ತಂಡ ಬೆಟಿಸನ್ನು 1-0, ಆರ್ಸೆನಲ್ಲನ್ನು 2-1, ಮ್ಯಾಂಚೆಸ್ಟರ್ ಯುನೈಟೆಡನ್ನು 3-0ರಿಂದ ಸೋಲಿಸಿತು. ಕ್ಯಾಂಟೀನಿನಲ್ಲಿ ಜಗಳವೇ ಆಯಿತು. ಯೂರೋ ಕಪ್, ಕೋಪಾ ಅಮೆರಿಕ ಆಡಿದವರು ಇನ್ನೂ ರಜೆಯಲ್ಲಿದ್ದಾರೆ, ಈ ಗೆಲುವಿಗೆ ಬೆಲೆ ಇಲ್ಲ ಎಂದು ಒಬ್ಬರು. ಗೆಲುವು ಬಿಡಿ, ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತಿದ್ದಾರೆ ನೋಡಿ, ಕ್ಲಾಪ್ ಕಾಲದ ಓಟ ಈಗ ಇಲ್ಲ ಎಂದು ಇನ್ನೊಬ್ಬರು. ಡಿಫೆನ್ಸ್ ಮುಂದೆ ನಿಲ್ಲಲು ಆಳಿಲ್ಲದೆ ನವೆಂಬರ್ ದಾಟುವುದು ಹೇಗೆ ಎಂದು ಆ ಹಿರಿಯರು. ಸ್ಲಾಟ್ ಆ ಜಾಗಕ್ಕೆ, ಹಿಂದಿನ ವರ್ಷ ಬೆಂಚಿನಲ್ಲೇ ಜಾಸ್ತಿ ಕೂತಿದ್ದ ಗ್ರಾವನ್‌ಬರ್ಖ್‌ನನ್ನು ತಂದರು. ಸೆಪ್ಟೆಂಬರಿನಲ್ಲಿ ತವರು ಮೈದಾನ ಆನ್‌ಫೀಲ್ಡಿನಲ್ಲೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 0-1 ಸೋಲಾಯಿತು. ಸೋಮವಾರ ಎಲ್ಲರ ಮುಖ ಗಂಟಾಗಿತ್ತು. ಆದರೆ ಮಾತು ಮಾತ್ರ ಪಾಸ್ ಎಲ್ಲಿ ತಪ್ಪಿತು, ಬದಲಿ ಆಟಗಾರ ಏಕೆ ತಡವಾದ ಎಂಬುದರ ಮೇಲೇ ಇತ್ತು. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮನ್ನು 5-1ರಿಂದ ಸೋಲಿಸಿ, ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ ತಂಡ 20ನೇ ಸಲ ಲೀಗ್ ಗೆದ್ದಿತು. ಮರುದಿನ ಆ ಹಿರಿಯರು ಎಲ್ಲರ ಮುಂದೆ, ಗ್ರಾವನ್‌ಬರ್ಖ್ ವಿಷಯದಲ್ಲಿ ಸ್ಲಾಟ್ ಕಂಡದ್ದು ನನಗೆ ಕಾಣಲಿಲ್ಲ ಎಂದರು. ಯಾರೂ ಅವರನ್ನು ಹಂಗಿಸಲಿಲ್ಲ.

ನನಗೆ ಹೊಟ್ಟೆ ಉರಿದದ್ದು ಆ ಟ್ರೋಫಿ ನೋಡಿ ಅಲ್ಲ, ಈ ಮಾತು ಕೇಳಿ. ಆಟದ ಬಗ್ಗೆ ಹೀಗೆ ಬಿಚ್ಚಿ ಮಾತಾಡುವುದು ನಮ್ಮಲ್ಲಿ ಯಾಕಿಲ್ಲ?

ನಮ್ಮವರಿಗೆ ಆಟ ಗೊತ್ತಿಲ್ಲವೇ? ಮಾಸ್ಕೋ ಒಲಿಂಪಿಕ್ಸ್‌ನಲ್ಲಿ 1980ರ ಹಾಕಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಟ ಜಗತ್ತೇ ನೋಡಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿಗೆ ಆಗ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಬಂದವು, ಗಿನ್ನೆಸ್ ದಾಖಲೆ ಆಯಿತು. ಇಷ್ಟೆಲ್ಲ ಇದ್ದೂ ನಮ್ಮ ಮನೆಯ ತಂಡ ಹೇಗೆ ತಯಾರಾಗುತ್ತದೆ ಗೊತ್ತೇ? ಪಂದ್ಯದ ಹಿಂದಿನ ದಿನ ಫೋನ್ ಓಡಾಡುತ್ತದೆ. ರಾತ್ರಿ ಬೆಂಗಳೂರಿನಿಂದ ಕಾರಿನಲ್ಲಿ ಬಂದ ಹುಡುಗ ಬೆಳಿಗ್ಗೆ ಸೆಂಟರ್ ಫಾರ್ವರ್ಡ್. ಅವರಪ್ಪ ಜೆರ್ಸಿಗೆ ದುಡ್ಡು ಕೊಟ್ಟಿದ್ದಾರೆ. ಪೊನ್ನಂಪೇಟೆಯಲ್ಲಿ ದಿನಾ ಸಂಜೆ ಅಭ್ಯಾಸ ಮಾಡುವ ಹುಡುಗ ಬೆಂಚಿನಲ್ಲಿ. ಎಲ್ಲರಿಗೂ ಕಾಣುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಸೋತ ಮೇಲೆ ಮಾತು ಶುರು. ಅದೂ ಮೈದಾನದಲ್ಲಲ್ಲ, ವಾಪಸ್ ಹೋಗುವ ಜೀಪಿನಲ್ಲಿ, ಆಮೇಲೆ ವಿರಾಜಪೇಟೆಯ ಯಾವುದೋ ಮದುವೆಯಲ್ಲಿ. ಅಷ್ಟು ಹೊತ್ತಿಗೆ ಆಟ ಮರೆತು ಹೋಗಿರುತ್ತದೆ. ಯಾರ ಮಗ ಯಾರಿಗೆ ಏನೆಂದ ಎಂಬುದಷ್ಟೇ ಉಳಿದಿರುತ್ತದೆ.

ಒಂದು ವರ್ಷ ಚಿಕ್ಕಪ್ಪನ ಮಗಳು, ಯೂನಿವರ್ಸಿಟಿಗೆ ಆಡಿದವಳು, ಹಾಫ್‌ಟೈಮಿನಲ್ಲಿ ಹೇಳಿದಳು: "ಅಣ್ಣ, ಬ್ಯಾಕ್ ಇಬ್ಬರೂ ಒಟ್ಟಿಗೆ ಮುಂದೆ ಹೋಗಬೇಡಿ. ಒಬ್ಬರಾದರೂ ನಿಲ್ಲಿ." ದೊಡ್ಡವರಿದ್ದಾರೆ, ನೀನು ಸುಮ್ನಿರು ಎಂದರು. ಇಬ್ಬರೂ ಮುಂದೆ ಹೋದರು. ಅದೇ ಖಾಲಿ ಜಾಗದಲ್ಲಿ ಇನ್ನೆರಡು ಗೋಲು ಬಿತ್ತು.

ಫುಟ್‌ಬಾಲ್ ಕತೆಯೂ ಬೇರೆಯಲ್ಲ. ಸುಂಟಿಕೊಪ್ಪದ ಗೋಲ್ಡ್ ಕಪ್‌ಗೆ ಜನ ಹೇಗೆ ಸೇರುತ್ತಾರೆ ಎಂದು ನೋಡಿದವರಿಗೆ ಗೊತ್ತು. ಆದರೆ ನಮ್ಮ ಕಡೆಯ ಎಷ್ಟೋ ತಂಡಗಳು ಟೂರ್ನಿ ಹತ್ತಿರ ಬಂದಾಗ ಕಣ್ಣೂರಿಗೆ ಫೋನ್ ಮಾಡಿ ಆಳು ತರಿಸುತ್ತವೆ. ಅದೇ ನಮ್ಮ ಖರೀದಿ. ಮೈದಾನದಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕೋಚ್ ಯಾರು ಎಂದು ಕೇಳುವವರೇ ಇಲ್ಲ.

2025ರ ಕೈಲ್ ಮುಹೂರ್ತಕ್ಕೆ, ನಮ್ಮ ಆಯುಧಪೂಜೆಯ ಹಬ್ಬಕ್ಕೆ, ಊರಿಗೆ ಹೋಗಿದ್ದೆ. ತೆಂಗಿನಕಾಯಿಗೆ ಗುಂಡು ಹೊಡೆದು, ಊಟ ಮುಗಿಸಿ ಹುಡುಗರೆಲ್ಲ ಜಗಲಿಯಲ್ಲಿ ಕೂತಿದ್ದರು. ಎರಡು ದಿನದ ಹಿಂದಷ್ಟೇ ಲಿವರ್‌ಪೂಲ್ 125 ಮಿಲಿಯನ್ ಪೌಂಡಿಗೆ ನ್ಯೂಕಾಸಲ್‌ನ ಅಲೆಕ್ಸಾಂಡರ್ ಇಸಾಕ್‌ನನ್ನು ತಂದಿತ್ತು. ಬ್ರಿಟನ್ನಿನಲ್ಲಿ ಅಷ್ಟು ದುಡ್ಡಿಗೆ ಯಾರೂ ಬಂದಿರಲಿಲ್ಲ. ಹುಡುಗರ ಚರ್ಚೆ ಕೇಳಿ ನನಗೆ ಆಶ್ಚರ್ಯವಾಯಿತು. ಹೊಸದಾಗಿ ಬಂದ ವಿರ್ಟ್ಸ್ ಎಲ್ಲಿ ಆಡಬೇಕು, ಎಕಿಟಿಕೆಯನ್ನು ಕೂರಿಸಬೇಕೇ, ಹಾಂಗ್‌ಕಾಂಗಿನಲ್ಲಿ ಮಿಲಾನ್ ನಾಲ್ಕು ಗೋಲು ಹೊಡೆದಾಗ ಹಿಂದೆ ಎಷ್ಟು ಜಾಗ ಖಾಲಿ ಇತ್ತು, ಎಲ್ಲ ಬಿಡಿಸಿ ಹೇಳುತ್ತಿದ್ದರು. ಕ್ಯಾಂಟೀನಿನವರಿಗಿಂತ ಒಂದು ಕೈ ಮೇಲು. ಅತ್ತೆಯ ಮೊಮ್ಮಗ, ಪಿಯುಸಿ ಹುಡುಗ, ಹೇಳಿದ: "ಇಸಾಕ್ ಪ್ರೀಸೀಸನ್ನೇ ಆಡಿಲ್ಲ. ಡಿಸೆಂಬರ್‌ವರೆಗೆ ಅವನಿಂದ ಏನೂ ಆಗಲ್ಲ, ನೋಡ್ತಾ ಇರಿ." ಹೆಚ್ಚೂಕಡಿಮೆ ಅವನು ಹೇಳಿದ ಹಾಗೇ ಆಯಿತು.

ನಾನು ಕೇಳಿದೆ, "ಹಾಗಾದರೆ ರಾತ್ರಿ ಕಾರಿನಲ್ಲಿ ಬಂದವನನ್ನು ಬೆಳಿಗ್ಗೆ ನಮ್ಮ ತಂಡದಲ್ಲಿ ಇಳಿಸಿದ್ದು ಸರಿಯಾ?"

ಜಗಲಿ ತಣ್ಣಗಾಯಿತು. ಹುಡುಗ ಒಳಗೆ ಬಲ್ಯಪ್ಪ ಕೂತಿದ್ದ ಕಡೆ ನೋಡಿದ. "ಬಿಡಿ ಅಂಕಲ್" ಎಂದ.

ಇಷ್ಟು ತಿಳಿದ ಹುಡುಗರನ್ನು ಸುಮ್ಮನಾಗಿಸಿದ್ದು ನಾವೇ. ಏಳು ಸಮುದ್ರದಾಚೆಯ ಸ್ಲಾಟ್ ಬಗ್ಗೆ ಮಾತಾಡಬಹುದು, ಏಕೆಂದರೆ ಅವನು ಯಾರ ಅಣ್ಣನೂ ಅಲ್ಲ, ಮಾವನೂ ಅಲ್ಲ. ನಮಗೂ ಅಂಥವರು ಒಬ್ಬರು ಬೇಕು. ಬೇರೆ ಊರಿನ, ರಿಟೈರ್ ಆದ ಒಬ್ಬ ಪಿ.ಟಿ. ಮಾಸ್ಟರ್ ಸಾಕು. ಫೆಬ್ರವರಿಯಲ್ಲೇ ಅವರ ಕೈಗೆ ತಂಡ ಕೊಡಿ. ಪಕ್ಕದ ಮನೆತನದ ಜೊತೆ ನಾಲ್ಕು ಅಭ್ಯಾಸ ಪಂದ್ಯ ಆಡಿಸಲಿ. ಅವರು ಆರಿಸಿದ್ದು ಸರಿಯಿಲ್ಲದಿದ್ದರೆ ಅವರ ಮುಂದೆಯೇ ಹೇಳೋಣ. ಕೊಡವರಿಗೆ ಮಾತ್ರ ಅಲ್ಲ, ಕ್ರಿಕೆಟ್ ಕಪ್ ಆಡುವ ಗೌಡ ಕುಟುಂಬಗಳಿಗೂ ಇದೇ ಮಾತು.

ಆದರೆ ಇಲ್ಲಿ ಲಿವರ್‌ಪೂಲ್‌ನಲ್ಲಿ ಇರುವುದೆಲ್ಲ ಚೆಂದ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಇದೇ ಊರಿನ ಹುಡುಗ. ಆರನೇ ವಯಸ್ಸಿಗೆ ಅಕಾಡೆಮಿ ಸೇರಿದವನು. ಕ್ಲಬ್ ಬಿಡುತ್ತೇನೆ ಎಂದ ಮೇಲೆ, 2025ರ ಮೇ ತಿಂಗಳಲ್ಲಿ ಆರ್ಸೆನಲ್ ಎದುರು ಮೈದಾನಕ್ಕಿಳಿದಾಗ ಅವನ ಊರಿನವರೇ ಅವನನ್ನು ಕೂಗಿ ಅವಮಾನಿಸಿದರು. ಟಿವಿಯಲ್ಲಿ ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ, ಎದ್ದು ಹೊರಗೆ ಹೋದೆ. ಆ ವರ್ಷದ ಸೆಪ್ಟೆಂಬರ್ ಕೊನೆಯಿಂದ ತಂಡ 12 ಪಂದ್ಯಗಳಲ್ಲಿ 9 ಸೋತಿತು. ಲೀಗ್ ಗೆದ್ದುಕೊಟ್ಟ ಸ್ಲಾಟ್‌ರನ್ನೇ ಓಡಿಸಿ ಎಂದು ಕ್ಯಾಂಟೀನಿನಲ್ಲಿ ಕೂಗಿದವರಿದ್ದರು.

ನಮ್ಮಲ್ಲಿ ಮನೆಯ ಹುಡುಗನನ್ನು ಯಾರೂ ಹಾಗೆ ಕೂಗಿಲ್ಲ. ಪೆನಾಲ್ಟಿ ತಪ್ಪಿಸಿದವನಿಗೂ ಬಲ್ಯವ್ವ ಕರೆದು ಎರಡು ಕಡಂಬುಟ್ಟು, ಅಕ್ಕಿಯ ಉಂಡೆ, ಜಾಸ್ತಿಯೇ ಬಡಿಸುತ್ತಾರೆ. ಅವನನ್ನು ಮಾರುವವರಿಲ್ಲ, ಕೊಳ್ಳುವವರಿಲ್ಲ. ತಲೆ ನೆರೆತವರೂ ಶಾಲೆ ಹುಡುಗಿಯೂ ಒಂದೇ ಜೆರ್ಸಿಯಲ್ಲಿ ಒಂದೇ ತಂಡಕ್ಕೆ ಆಡುವುದನ್ನು ನಾನು ಇಲ್ಲಿ ಎಲ್ಲೂ ನೋಡಿಲ್ಲ. ಇದನ್ನು ಒಪ್ಪುತ್ತೇನೆ.

ಒಪ್ಪಿಯೂ ಕೇಳುತ್ತೇನೆ: ಮಾಸ್ಟರ್ ಸಿಗುವವರೆಗೆ, ಬರುವ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಮಗಳ ಕೈಗೆ ತಂಡ ಕೊಡಿ. ಹಾಫ್‌ಟೈಮಿನಲ್ಲಿ ಅವಳೊಬ್ಬಳೇ ಮಾತಾಡಲಿ. ಬ್ಯಾಕ್‌ನಲ್ಲಿ ನಿಲ್ಲು ಎಂದರೆ ನಿಲ್ಲಿ, ಬೆಂಚಿನಲ್ಲಿ ಕೂರು ಎಂದರೆ ಕೂರಿ. ಅವಳು ಎಷ್ಟು ಬೈದರೂ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುವ ಮನೆ ನಮ್ಮದು. ಮತ್ತೆ ಭಯ ಏಕೆ?